ಕಿವಿ ಮುಚ್ಚುತ್ತಿದ್ದ ಆಯಮ್ಮ

ಹುಟ್ಟಿದ ಮಗುವಿನ ಮುಖಕ್ಕಿಂತ ಮೊದಲು ಕಿವಿ ನೋಡುವ ಜನ ನಮ್ಮೂರಿನವರು. ಹಸುಗೂಸು ಮೊದಲ ದಿನ ಕೆಂಪಗೋ ಬೆಳ್ಳಗೋ ಇರುತ್ತದೆ, ಆ ಬಣ್ಣವನ್ನು ನಂಬುವ ಹಾಗಿಲ್ಲ; ಕಿವಿಯ ಅಂಚಿನಲ್ಲಿ ಯಾವ ಬಣ್ಣವಿದೆಯೋ ಕೊನೆಗೆ ಇಡೀ ಮೈಗೆ ಅದೇ ಬರುತ್ತದೆ ಎನ್ನುವುದು ಇಲ್ಲಿಯ ಅಜ್ಜಿಯಂದಿರ ಶಾಸ್ತ್ರ. ಹಾಗಾಗಿ ಹೆರಿಗೆ ವಾರ್ಡಿನ ಹೊರಗೆ ಕಾದವರ ಕೈಗೆ ಮಗು ಬಂದರೆ ಸಾಕು, ಯಾರಾದರೊಬ್ಬರ ಬೆರಳು ಹೋಗಿ ಕಿವಿಯನ್ನು ಮೆಲ್ಲಗೆ ಮಡಿಚಿ ಹಿಂದೆ ಮುಂದೆ ನೋಡುತ್ತದೆ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವವರ ಮುಖದ ಗಾಂಭೀರ್ಯವೇ ಆಗ ಅವರ ಮುಖದಲ್ಲೂ ಇರುತ್ತದೆ.

ಆ ವಾರ್ಡಿನಲ್ಲಿ ಮಗುವನ್ನು ಒರೆಸಿ, ಸುತ್ತಿ, ಹೊರಗೆ ತಂದು ಮನೆಯವರ ಕೈಗೆ ಕೊಡುವ ಕೆಲಸ ನಮ್ಮತ್ತೆಯದಾಗಿತ್ತು. ಕಾಗದದ ಮೇಲೆ ಅವರ ಹುದ್ದೆಗೆ ಏನೋ ಉದ್ದ ಹೆಸರಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಯುತ್ತಿದ್ದುದು ಆಯಮ್ಮ ಎಂದೇ. ಕುಳ್ಳಗೆ, ಗುಂಡಗೆ ಇದ್ದಾರೆ. ನಡೆದರೆ ರಬ್ಬರ್ ಚಪ್ಪಲಿ ಚಟಪಟ ಎನ್ನುತ್ತದೆ. ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಸೇಫ್ಟಿ ಪಿನ್ನು, ಒಂದು ಬಾಚಣಿಗೆ. ಮಾತು ಮಾತ್ರ ಅಳೆದು ತೂಗಿ. ಕಾರಿಡಾರಿನಲ್ಲಿ ಕೂಗಾಡುವ ಗಂಡಸರಿಗೆ, "ಟೀ ಕುಡಿದು ಬನ್ನಿ, ಆಮೇಲೆ ಕೂಗೋರಂತೆ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವರು ಮಗುವನ್ನು ಸುತ್ತುವ ರೀತಿ ಬೇರೆ ಆಯಾಗಳ ಹಾಗಿರಲಿಲ್ಲ. ಬಟ್ಟೆಯ ಒಂದು ಮೂಲೆಯನ್ನು ನೆತ್ತಿಯ ಮೇಲಿಂದ ತಂದು, ಎರಡೂ ಕಿವಿಗಳ ಮೇಲೆ ಬಿಗಿಯಾಗಿ ಎಳೆದು, ಗಲ್ಲದ ಕೆಳಗೆ ಸಿಕ್ಕಿಸಿಬಿಡುತ್ತಿದ್ದರು. ಹೊರಗೆ ಕಾಣುತ್ತಿದ್ದುದು ಕಣ್ಣು, ಮೂಗು, ಬಾಯಿ ಅಷ್ಟೇ. ಯಾವುದಾದರೂ ಬೆರಳು ಬಟ್ಟೆಯ ಕಡೆ ಹೊರಟರೆ, "ಗಾಳಿ ತಗಲುತ್ತೆ, ಮುಟ್ಟಬೇಡಿ" ಎನ್ನುತ್ತಿದ್ದರು. ಗಾಳಿಯ ಮಾತಿಗೆ ಎದುರಾಡುವ ಧೈರ್ಯ ಯಾವ ಅಜ್ಜಿಗೂ ಇರಲಿಲ್ಲ.

ಈ ಹೆಂಗಸಿನ ಋಣ ನನ್ನ ಮೇಲೆ ಎಷ್ಟಿದೆ ಎಂದು ಹೇಳಿಕೊಳ್ಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಮದುವೆಯಾದ ಹೊಸತರಲ್ಲಿ ನನಗೆ ಅವರ ಮೇಲೆ ಇದ್ದದ್ದು ಬರೀ ಸಿಟ್ಟು. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧ ಸುಳ್ಳಾಗುತ್ತದೆ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಹಳೇ ಗೋದಾಮಿನಲ್ಲಿ ನಮ್ಮ ಲಾಂಡ್ರಿ. ಒಂದು ಕಡೆ ಒಗೆಯುವ ದೊಡ್ಡ ಡ್ರಮ್ಮುಗಳು, ಇನ್ನೊಂದು ಕಡೆ ಉಗಿಯಲ್ಲಿ ಕಾದ ಉರುಳೆ. ಒಬ್ಬಳು ಒದ್ದೆ ಬಟ್ಟೆಯನ್ನು ಉರುಳೆಯ ಬಾಯಿಗೆ ಕೊಟ್ಟರೆ ನಾನು ಈ ಕಡೆ ನಿಂತು ಬಿಸಿಬಿಸಿ ಬಟ್ಟೆ ಹಿಡಿದು ಮಡಿಚುತ್ತೇನೆ. ಮೊಣಕೈವರೆಗೆ ಸುಟ್ಟ ಗೆರೆಗಳಿವೆ. ಮಕ್ಕಳನ್ನು ಸುತ್ತುವ ಬಟ್ಟೆಗಳನ್ನು ಮಾತ್ರ ಉರುಳೆಗೆ ಕೊಡದೆ ಕೈ ಇಸ್ತ್ರಿಯಲ್ಲೇ ಮಾಡುವುದು ನನ್ನ ಪದ್ಧತಿ. ಹಳೇ ಬಟ್ಟೆ, ಒಗೆದು ಒಗೆದು ಮೆತ್ತಗಾಗಿರುತ್ತದೆ, ಉರುಳೆಗೆ ಸಿಕ್ಕರೆ ಹರಿಯುತ್ತದೆ. ಕೊಳೆ ಬಟ್ಟೆ ತಂದು ಮಡಿ ಬಟ್ಟೆ ಒಯ್ಯುವ ವ್ಯಾನಿನ ಡ್ರೈವರು ಆಮೇಲೆ ನನ್ನ ಗಂಡನಾದರು. ಬಟ್ಟೆ ಗಂಟು ಎತ್ತಿ ಹಾಕಲು ಅಷ್ಟೊಂದು ಹೊತ್ತು ಯಾಕೆ ಬೇಕು ಎಂದು ಲಾಂಡ್ರಿಯವರೆಲ್ಲ ರೇಗಿಸಿದ ಮೇಲೆ ಒಂದು ದಿನ ಅವರು ಮದುವೆಯ ಮಾತೆತ್ತಿದರು.

ನಾನು ದಡದವಳು, ಅವರು ದಿಬ್ಬದವರು. ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಎಲ್ಲ ಹೇಳಿದ ಹಾಗೆ. ಮುತ್ತಜ್ಜನ ಕಾಲದಲ್ಲಿ ನಮ್ಮವರನ್ನು ಹಡಗಿನಲ್ಲಿ ತಂದು ಬಂದರಿನ ಮೂಟೆ ಹೊರಲು ಹಚ್ಚಿದರಂತೆ. ಬಂದರು ಬೇರೆ ಕಡೆ ಹೋಯಿತು, ಹಡಗುಗಳೂ ಹೋದವು, ದಡದವರು ಎನ್ನುವ ಹೆಸರು, ಈ ಗಾಢ ಬಣ್ಣ, ಈ ಗುಂಗುರು ಕೂದಲು ನಮ್ಮ ಜೊತೆಗೇ ಉಳಿದವು. ದಿಬ್ಬದ ಮೇಲಿನ ಬೀದಿಗಳಲ್ಲಿ ಇರುವವರು ಬಿಳಿಚು ಬಣ್ಣದವರು. ಇಬ್ಬರೂ ಒಂದೇ ಮಾತಾಡುತ್ತೇವೆ, ಒಂದೇ ಬಸ್ಸು ಹತ್ತುತ್ತೇವೆ. ಆದರೂ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ತುಂಬುವುದು ಎಲ್ಲಕ್ಕಿಂತ ಕೊನೆಗೆ.

ಮನೆಗೆ ಮೊದಲು ಕರೆದುಕೊಂಡು ಹೋದ ದಿನ ಅತ್ತೆ ನನ್ನ ಮುಖ ನೋಡುವುದು ಬಿಟ್ಟು ಕೈ ನೋಡಿದರು. "ಮಕ್ಕಳ ಬಟ್ಟೆ ಇಸ್ತ್ರಿ ಮಾಡೋದು ನೀನೇನಾ? ಮಡಿಕೆ ಚೆನ್ನಾಗಿರುತ್ತೆ" ಎಂದರು. ಅಷ್ಟೇ. ಅದು ಒಪ್ಪಿಗೆಯೋ ಅಲ್ಲವೋ ಎಂದು ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡೆ.

ಅತ್ತೆಯ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಆ ಅನುಮಾನಕ್ಕೆಲ್ಲ ಎಡೆ ಕೊಡುವವರಲ್ಲ. ಅನಿಸಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವುದೇ ತಮ್ಮ ದೊಡ್ಡ ಗುಣ ಎಂದು ನಂಬಿದ್ದಾರೆ. ಮದುವೆಯ ಫೋಟೋ ತೆಗೆಯುವಾಗ, "ಹುಡುಗಿ ಕಡೆ ಸ್ವಲ್ಪ ಬೆಳಕು ಜಾಸ್ತಿ ಹಾಕಪ್ಪ, ಹಲ್ಲು ಬಿಟ್ಟು ಬೇರೇನೂ ಕಾಣಿಸ್ತಿಲ್ಲ" ಎಂದು ಫೋಟೋದವನಿಗೆ ಕೂಗಿ ಹೇಳಿದರು. ನೆಂಟರೆಲ್ಲ ನಕ್ಕರು. ನನ್ನ ಅಮ್ಮ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅಕ್ಕ, ಟೀ ಆರುತ್ತೆ, ಬಾ" ಎಂದು ಅವರನ್ನು ಎಳೆದುಕೊಂಡು ಹೋದರು.

ಯಾವಾಗಲೂ ಇದೇ. ದೊಡ್ಡತ್ತೆ ಕೊಂಕು ಮಾತಾಡುವುದು, ಅತ್ತೆ ಟೀ ಎನ್ನುವುದು. ನನಗೆ ಆ ಟೀ ಕಂಡರೇ ಮೈ ಉರಿಯುತ್ತಿತ್ತು. "ಒಂದ್ಸಲ, ಒಂದೇ ಒಂದ್ಸಲ ನನ್ನ ಪರವಾಗಿ ಬಾಯಿ ಬಿಡಬಾರ್ದಾ ನಿಮ್ಮಮ್ಮ?" ಎಂದು ಗಂಡನ ಹತ್ತಿರ ಕೂಗಾಡುತ್ತಿದ್ದೆ. ಅವರು, "ಅಮ್ಮ ಮುಚ್ಚಿಹಾಕೋದೇ ಹಾಗೆ, ಜಗಳ ಅಂದ್ರೆ ಆಗಲ್ಲ ಅವರಿಗೆ" ಎನ್ನುತ್ತಿದ್ದರು. ಜಗಳವೆಂದರೆ ನನಗೇನು ಬಲು ಇಷ್ಟವೇ? ಇರಬಹುದು, ಸ್ವಲ್ಪ.

ನಾನು ಬಸುರಿಯಾದ ಹೊಸತರಲ್ಲಿ ವಾರ್ಡಿಗೆ ಒಬ್ಬ ಮೇಡಂ ಬಂದರು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಹೇಳಿಕೊಡುವವರು. ನಾವು ದಡ, ದಿಬ್ಬ ಎನ್ನುವುದನ್ನು ಅವರು ಜನಾಂಗ ಎನ್ನುತ್ತಿದ್ದರು. ಜನಾಂಗ, ಹೆಣ್ಣು, ಹೆರಿಗೆ ಈ ಮೂರೂ ಒಂದಕ್ಕೊಂದು ಹೇಗೆ ತೊಡರಿಕೊಂಡಿವೆ ಎನ್ನುವುದು ಅವರ ಸಂಶೋಧನೆ. ಅದಕ್ಕೆ ಅವರು ಹಿಡಿದ ದಾರಿ ಸರಳ: ಮಗುವನ್ನು ಹೊರಗೆ ತಂದಾಗ ಮನೆಯವರ ಬಾಯಿಂದ ಬರುವ ಮೊದಲ ಮಾತು ಯಾವುದು? ಒಪ್ಪಿದ ಮನೆಯವರ ಮಾತನ್ನು ಮಾತ್ರ ಕೊರಳಿಗೆ ತೂಗುಹಾಕಿಕೊಂಡ ಸಣ್ಣ ಯಂತ್ರದಲ್ಲಿ ಹಿಡಿದುಕೊಳ್ಳುತ್ತಿದ್ದರು. ಮೊಣಕೈ ಎತ್ತರದವರೆಗೆ ಹಸಿರು ಬಣ್ಣ ಬಳಿದ ಕಾರಿಡಾರು, ಒಂದು ಕಾಲು ಮೋಟಾದ ಬೆಂಚು, ಆ ಬೆಂಚಿನ ತುದಿಯಲ್ಲಿ ಮೇಡಂ. ಒಪ್ಪಿಕೊಂಡವರು ಕೂಡ ಮಗು ಬಂದ ತಕ್ಷಣ ಯಂತ್ರವನ್ನೂ ಮೇಡಮ್ಮನ್ನೂ ಮರೆತೇಬಿಡುತ್ತಿದ್ದರಂತೆ. ವಾರ್ಡಿನವರು ಅವರಿಗೆ ಪ್ರಶ್ನೆ ಮೇಡಂ ಎಂದು ಹೆಸರಿಟ್ಟರು. ಅವರಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಅತ್ತೆಗೂ ಅವರಿಗೂ ಹೇಗೋ ಸ್ನೇಹ ಕುದುರಿತು. ಒಬ್ಬರು ಮಾತು ಕೂಡಿಡುವವರು, ಇನ್ನೊಬ್ಬರು ಮಾತು ಖರ್ಚು ಮಾಡದವರು. ಮಧ್ಯಾಹ್ನ ಇಬ್ಬರೂ ಮೋಟು ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ನನಗೆ ಎಂಟು ತಿಂಗಳು ತುಂಬಿದ್ದಾಗ ಒಂದು ರಜೆಯ ದಿನ ಮೇಡಂ ನಮ್ಮ ಮನೆಗೇ ಬಂದರು. ಅಡುಗೆಮನೆಯ ಮೇಜಿನ ಹತ್ತಿರ ಅತ್ತೆ ಅವರನ್ನು ಕೂರಿಸಿದರು. ನಾನು ಹೊಟ್ಟೆಯ ಭಾರಕ್ಕೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದೆ.

"ನಿಮ್ಮತ್ತೆ ನನಗೆ ಟೋಪಿ ಹಾಕಿಬಿಟ್ರು ಗೊತ್ತಾ?" ಎಂದು ಮೇಡಂ ನನ್ನ ಕಡೆ ತಿರುಗಿ ನಕ್ಕರು.

ನಡೆದದ್ದು ಇಷ್ಟು. ಬೇರೆ ಆಯಾಗಳ ಪಾಳಿಯಲ್ಲಿ ಮನೆಯವರ ಮೊದಲ ಮಾತು ಹೆಚ್ಚುಕಡಿಮೆ ಎರಡೇ: ಗಂಡೋ ಹೆಣ್ಣೋ, ಕಪ್ಪೋ ಬಿಳುಪೋ. ಅತ್ತೆಯ ಪಾಳಿಯಲ್ಲಿ ಬಣ್ಣದ ಮಾತೇ ಇಲ್ಲ. ಅತ್ತೆಗೆ ಹಗಲು ಪಾಳಿ ಬಂದ ತಿಂಗಳಲ್ಲಿ ಮೇಡಂಗೆ ಸಿಕ್ಕಿದ್ದೆಲ್ಲ, "ಮೂಗು ಅಜ್ಜನದು", "ಆಕಳಿಸ್ತಿದೆ ನೋಡು" ಅಂಥ ಮಾತುಗಳು. ಮೇಡಂ ಕುಣಿದಾಡುವುದೊಂದು ಬಾಕಿ. ಊರು ಬದಲಾಗುತ್ತಿದೆ, ಹೊಸ ತಲೆಮಾರಿಗೆ ಬಣ್ಣದ ಗೊಡವೆ ಇಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣವನ್ನೂ ಮಾಡಿ ಬಂದರು. ಆಮೇಲೆ ಒಂದು ದಿನ ಕಿವಿಯ ಮೇಲಿನ ಆ ಬಿಗಿ ಬಟ್ಟೆ ಅವರ ಕಣ್ಣಿಗೆ ಬಿತ್ತು.

"ಊರು ಬದಲಾಗಿದೆ ಅಂದ್ಕೊಂಡೆ. ಬದಲಾಗಿದ್ದದ್ದು ಬಟ್ಟೆ ಸುತ್ತೋ ರೀತಿ!" ಎಂದು ಮೇಡಂ ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಅತ್ತೆಗೂ ನಗು ತಡೆಯಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಅತ್ತೆ ಕಿವಿ ಮುಚ್ಚುವುದು ಗಾಳಿಗಲ್ಲ ಎಂದು ನನಗೆ ಗೊತ್ತಾದದ್ದೇ ಆಗ.

"ಯಾಕೆ ಮುಚ್ತೀರಿ ಆಯಮ್ಮ?" ಮೇಡಂ ಕೇಳಿದರು.

ಅತ್ತೆ ಸ್ವಲ್ಪ ಹೊತ್ತು ಮೇಜಿನ ಮೇಲಿನ ಚೂರುಪಾರು ಒರೆಸಿದರು. "ವಾರ್ಡಿಂದು ಸ್ಪ್ರಿಂಗ್ ಬಾಗಿಲು. ಹೊರಗಡೆ ಪಿಸುಗುಟ್ಟಿದ್ರೂ ಒಳಗೆ ಕೇಳಿಸುತ್ತೆ. ಹೊರಗೆ ಯಾರೋ 'ಅಯ್ಯೋ, ಬಣ್ಣ ಹೋಯ್ತು' ಅಂತಾರೆ. ಒಳಗೆ ಮಲಗಿರೋಳು ಗೋಡೆ ಕಡೆ ತಿರುಗಿಕೊಳ್ತಾಳೆ. ಆ ಮುಖ ನೋಡೋಕಾಗಲ್ಲ ನನಗೆ."

"ನಮ್ಮಮ್ಮನೂ ದಡದವಳೇ," ಎಂದರು ಮೇಡಂ. ನಾನು ಅವರ ಮುಖ ನೋಡಿದೆ. ದಿಬ್ಬದವರ ಬಿಳಿಚು ಬಣ್ಣ, ನೀಳ ಕೂದಲು, ಯಾವತ್ತೂ ಊಹಿಸಿರಲಿಲ್ಲ. "ಅಪ್ಪ ದಿಬ್ಬ. ನಾನು ಹುಟ್ಟಿದಾಗ ನಮ್ಮಜ್ಜಿ ಕಿವಿ ನೋಡಿ, 'ಸದ್ಯ, ಬಚಾವಾಯ್ತು' ಅಂದ್ರಂತೆ. ಒಳಗಿದ್ದ ಅಮ್ಮನಿಗೆ ಕೇಳಿಸಿತಂತೆ. ನಾನು ಬಚಾವಾಗಿದ್ದು ಯಾರಿಂದ? ಅಮ್ಮನಿಂದಲೇ ಅಲ್ವಾ? ಸಾಯೋವರೆಗೂ ಅಮ್ಮ ಆ ಮಾತು ಮರೀಲಿಲ್ಲ. ಅದಕ್ಕೇ ನಾನು ಈ ಕೆಲಸಕ್ಕೆ ಬಿದ್ದಿದ್ದು."

ಆಮೇಲೆ ಅವರು ಇನ್ನೊಂದು ವಿಷಯ ಹೇಳಿದರು. ಅಷ್ಟು ದಿನ ಕೂತು ಹಿಡಿದ ಮಾತುಗಳಲ್ಲಿ ಎಲ್ಲಕ್ಕಿಂತ ಅಪರೂಪದ್ದು, ಹುಡುಕಿದರೂ ಸಿಗದ್ದು ಯಾವುದೆಂದರೆ, "ಹೆತ್ತವಳು ಹೇಗಿದ್ದಾಳೆ?" ದಡದ ಮನೆಗಳಲ್ಲೂ ಅಷ್ಟೇ, ದಿಬ್ಬದ ಮನೆಗಳಲ್ಲೂ ಅಷ್ಟೇ. ಅದೊಂದರಲ್ಲಿ ಮಾತ್ರ ಎರಡು ಕಡೆಯವರಿಗೂ ಭೇದವಿಲ್ಲ ಎಂದರು.

ಅತ್ತೆಯ ಕೈ ನಿಂತಿತು. "ನನ್ನನ್ನೂ ಕೇಳಲಿಲ್ಲ ಯಾರೂ" ಎಂದರು.

ಗಂಡನೂ ನಾನೂ ಎಂದೂ ಕೇಳಿರದ ಕಥೆ ಅವತ್ತು ಅವರ ಬಾಯಿಂದ ಬಂತು. ನನ್ನ ಗಂಡ ಹುಟ್ಟಿದ ದಿನ ಹೊರಗೆ ಸಂಭ್ರಮವೋ ಸಂಭ್ರಮ. ಮೂಗು ಯಾರದು, ಬಣ್ಣ ಯಾರದು ಎಂದು ಮಗು ಕೈಯಿಂದ ಕೈಗೆ ಓಡಾಡುತ್ತಿತ್ತು. ಒಳಗೆ ಅತ್ತೆಗೆ ರಕ್ತ ಹೋಗುತ್ತಲೇ ಇತ್ತು. ಕೂಗಲು ಶಕ್ತಿಯಿಲ್ಲ. ನೆಲ ಒರೆಸಲು ಬಂದ ಒಬ್ಬ ಮುದುಕಿ ಆಯಾ ಹಾಸಿಗೆಯ ಕಡೆ ತಿರುಗಿ, "ನೀನು ಹೇಗಿದ್ದೀಯ ಮಗಾ?" ಎಂದು ಕೇಳಿ, ಹೊದಿಕೆ ಸರಿಸಿ ನೋಡಿ, ಕಿರುಚಿಕೊಂಡು ಡಾಕ್ಟರನ್ನು ಕರೆತಂದಳು. ಆ ಮುದುಕಿ ದಡದವಳು. ಅತ್ತೆ ಚೇತರಿಸಿಕೊಂಡ ಮೇಲೆ ಅದೇ ವಾರ್ಡಿನಲ್ಲಿ ಕೆಲಸ ಕೇಳಿಕೊಂಡು ಹೋದರು.

ಇಷ್ಟೆಲ್ಲ ಕೇಳಿದ ಮೇಲೂ ಮೇಡಂ ಪ್ರಶ್ನೆ ಮೇಡಮ್ಮೇ. ಮೆತ್ತಗೆ, ನೋಯಿಸಬಾರದೆಂಬ ಎಚ್ಚರದಲ್ಲೇ ಕೇಳಿದರು: "ಆಯಮ್ಮ, ಮುಚ್ಚಿದ್ರೆ ಮಾತು ನಿಲ್ಲುತ್ತೆ, ನಿಜ. ಆದ್ರೆ ಮುಚ್ಚಿದ್ರೆ, ಅದು ಮುಚ್ಚಿಡೋ ಅಂಥದ್ದೇ ಅಂತ ಒಪ್ಪಿಕೊಂಡ ಹಾಗಾಗಲ್ವಾ?"

ನನಗೆ ತಡೆಯಲಾಗಲಿಲ್ಲ. ಬಾಯಿಂದ ಬಂದೇಬಿಟ್ಟಿತು.

"ಅತ್ತೆ, ನನ್ನ ಮಗೂನ ಮುಚ್ಚಬೇಡಿ. ಯಾರು ಏನಾದ್ರೂ ಅನ್ನಲಿ, ನಾನು ಕೇಳಿಸ್ಕೊಳ್ತೀನಿ. ಆದ್ರೆ ನನ್ನ ಬಣ್ಣ ಬಂತು ಅಂತ ನೀವೇ ನನ್ನ ಮಗು ಕಿವಿ ಮುಚ್ಚಿ ಹೊರಗೆ ತಂದ್ರೆ, ಅದನ್ನ ನಾನು ಸಹಿಸಲ್ಲ."

ಅತ್ತೆ ನನ್ನನ್ನೊಮ್ಮೆ ನೋಡಿ, ಲೋಟಗಳನ್ನೆತ್ತಿಕೊಂಡು ತೊಳೆಯುವ ತೊಟ್ಟಿಯ ಕಡೆ ಹೋದರು. ನಲ್ಲಿ ಬಿಟ್ಟರು. ಅವತ್ತು ಟೀ ಆರುತ್ತೆ ಎಂದು ಕೂಡ ಹೇಳಲಿಲ್ಲ.

ಅಲ್ಲಿಂದಾಚೆ ಮನೆಯಲ್ಲಿ ಉಸಿರು ಬಿಗಿಹಿಡಿದಂತಾಯಿತು. ಅತ್ತೆ ನನ್ನ ಕಾಲಿನ ಊತ ನೋಡುತ್ತಿದ್ದರು, ದಿಂಬು ಎತ್ತರಿಸುತ್ತಿದ್ದರು, ಹಾಲು ಬಿಸಿ ಮಾಡಿ ಮುಂದಿಡುತ್ತಿದ್ದರು. ಕಿವಿಯ ಮಾತು ಮಾತ್ರ ಇಲ್ಲ. ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಈ ಮಧ್ಯೆ ದೊಡ್ಡತ್ತೆ ಒಂದು ಸಲ ಬಂದು ನನ್ನ ಹೊಟ್ಟೆಯನ್ನು ನೋಡಿ, "ದೇವರು ದೊಡ್ಡವನು, ಅಪ್ಪನ್ನ ಹೋಲಲಿ" ಎಂದು ಹರಸಿದರು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಾನು ಅಮ್ಮನ ಮನೆಗೆ ಹೋಗಿ, ದಡದ ಸಣ್ಣ ಆಸ್ಪತ್ರೆಯಲ್ಲೇ ಹೆರುತ್ತೇನೆ ಎಂದು ತೀರ್ಮಾನಿಸಿದೆ. ಅಲ್ಲಿ ಕಿವಿ ನೋಡುವುದಿಲ್ಲವೇ? ನೋಡುತ್ತಾರೆ, ನಮ್ಮವರೇನು ಸಾಚಾಗಳಲ್ಲ. ಆದರೆ ಅಲ್ಲಿ ಅತ್ತೆ ಇರುವುದಿಲ್ಲ. ಅವರ ಕೈಯಿಂದ ನನ್ನ ಮಗು ಮುಚ್ಚಿಸಿಕೊಳ್ಳುವುದನ್ನು ನೋಡುವ ಗ್ರಹಚಾರ ತಪ್ಪುತ್ತದೆ. ಅಮ್ಮನಿಗೆ ಹೇಳಿದರೆ, "ನಿನ್ನ ನಾಲಿಗೆ ಮೊದಲೇ ಉದ್ದ, ಸ್ವಲ್ಪ ಅವರ ಮನಸ್ಸೂ ನೋಡು" ಎಂದು ನನಗೇ ಬುದ್ಧಿ ಹೇಳಿದಳು. ನಾನು ಬಟ್ಟೆಬರೆ ಕಟ್ಟಿಟ್ಟೆ.

ಹೊರಡಬೇಕೆಂದುಕೊಂಡ ದಿನ ಬರುವ ಮೊದಲೇ, ಲಾಂಡ್ರಿಯಲ್ಲಿ ಇಸ್ತ್ರಿಯ ಮುಂದೆ ನಿಂತಿದ್ದಾಗ ನನಗೆ ಹೆರಿಗೆಯ ನೀರು ಹೋಯಿತು. ಹೊರಗೆ ವ್ಯಾನು ನಿಂತಿತ್ತು, ಮಡಿ ಬಟ್ಟೆಯ ಗಂಟುಗಳು ಆಗಲೇ ಒಳಗಿದ್ದವು. ಲಾಂಡ್ರಿಯ ಹೆಂಗಸರು ನನ್ನನ್ನೂ ಒಂದು ಗಂಟಿನ ಹಾಗೆ ಎತ್ತಿ ಅವುಗಳ ಮೇಲೆ ಮಲಗಿಸಿದರು. ನಾನೇ ಮಡಿಚಿದ ಬಟ್ಟೆಗಳು, ಇನ್ನೂ ಬೆಚ್ಚಗಿದ್ದವು. ಗಂಡನಿಗೆ ಕೈಕಾಲು ಆಡದೆ ಗೇರು ಬದಲು ವೈಪರು ಹಾಕಿದರು. "ರೀ, ಬಿಸಿಲಲ್ಲಿ ಅದ್ಯಾಕೆ? ಮುಂದೆ ಹೋಗ್ರೀ!" ಎಂದು ನಾನು ಹಿಂದಿನಿಂದ ಕಿರುಚಿದೆ. ದಡದ ಆಸ್ಪತ್ರೆಯ ಮಾತೆತ್ತಲು ಪುರುಸೊತ್ತೇ ಆಗಲಿಲ್ಲ. ಆ ವ್ಯಾನಿಗೆ ಗೊತ್ತಿದ್ದ ದಾರಿ ಒಂದೇ.

ಸ್ಟ್ರೆಚರಿನ ಮೇಲೆ ಕಾರಿಡಾರಿನಲ್ಲಿ ಹೋಗುವಾಗ ಮೋಟು ಬೆಂಚಿನಿಂದ ಪ್ರಶ್ನೆ ಮೇಡಂ ಎದ್ದು ನಿಂತದ್ದು ಕಂಡಿತು. ಸ್ಪ್ರಿಂಗ್ ಬಾಗಿಲು ತಳ್ಳಿಕೊಂಡು ಒಳಗೆ ಹೋದರೆ, ಅಲ್ಲಿ ಅತ್ತೆ. ಏಪ್ರನ್ನು ಕಟ್ಟಿಕೊಂಡು ನಿಂತಿದ್ದರು.

ನೋವಿನ ಹೊತ್ತಿನ ವಿಷಯ ಹೆಚ್ಚು ಬರೆಯುವುದಿಲ್ಲ. ಹೆತ್ತವರಿಗೆ ಗೊತ್ತಿದೆ, ಉಳಿದವರಿಗೆ ಹೇಳಿ ಫಲವಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ನೋವು ಬಂದು ಹೋಗುವ ನಡುವೆ ಅತ್ತೆ ಜೇಬಿನ ಬಾಚಣಿಗೆ ತೆಗೆದು, ಬೆವರಿಗೆ ಮುಖಕ್ಕೆ ಅಂಟಿದ ನನ್ನ ಕೂದಲು ಬಾಚಿ ಮೇಲಕ್ಕೆ ಕಟ್ಟಲು ಹೊರಟರು. ನನ್ನ ಗುಂಗುರು ಕೂದಲಿಗೆ ಸಿಕ್ಕಿ ಬಾಚಣಿಗೆಯ ಹಲ್ಲು ಟಪ್ಪೆಂದು ಮುರಿಯಿತು. ಅತ್ತೆ ಅದನ್ನು ನೋಡಿ, "ನಿನ್ನ ಹಾಗೇ ಇದೆ ನಿನ್ನ ಕೂದಲು, ಯಾರ ಮಾತೂ ಕೇಳಲ್ಲ" ಎಂದು ಬೆರಳಿನಿಂದಲೇ ಬಿಡಿಸುತ್ತಾ ಕೂತರು. ಆ ನೋವಿನಲ್ಲೂ ನನಗೆ ನಗು ಬಂತು. ಸಿಸ್ಟರು, "ಹೆರಿಗೆ ಕೋಣೇಲಿ ಅತ್ತೆ ಸೊಸೆ ನಗ್ತಿರೋದು ಇದೇ ಮೊದಲು" ಎಂದರು.

ಮಗು ಹುಟ್ಟಿತು. ಅತ್ತಿತು. ಹೆಣ್ಣು ಎಂದರು ಸಿಸ್ಟರು. ತೂಕ ಮಾಡಿ ಅತ್ತೆಯ ಕೈಗೆ ಕೊಟ್ಟರು.

ನಾನು ಮೈಯೆಲ್ಲ ಸೋತು ಮಲಗಿದ್ದರೂ ಕಣ್ಣು ಮಾತ್ರ ಅತ್ತೆಯ ಕೈ ಬಿಟ್ಟು ಕದಲಲಿಲ್ಲ. ಅವರು ಮಗುವನ್ನು ಮೇಜಿನ ಮೇಲೆ ಮಲಗಿಸಿ ಒರೆಸಿದರು. ತಲೆ, ಕತ್ತು, ಆಮೇಲೆ ಕಿವಿ. ಕಿವಿಯ ಅಂಚು ಚೆನ್ನಾಗಿ ಕಾದ ಬೆಲ್ಲದ ಬಣ್ಣಕ್ಕಿತ್ತು. ನನ್ನ ಬಣ್ಣ, ನನ್ನ ಅಮ್ಮನ ಬಣ್ಣ. ಅತ್ತೆ ಬಟ್ಟೆ ಕೊಡವಿದರು. ನಾನೇ ಇಸ್ತ್ರಿ ಮಾಡಿದ ಬಟ್ಟೆ. ಮೂಲೆ ಹಿಡಿದರು.

ಬಟ್ಟೆಯ ಮೂಲೆಯನ್ನು ಅವರು ಹೆಗಲ ಮಟ್ಟಕ್ಕೇ ನಿಲ್ಲಿಸಿ ಎದೆಯ ಮೇಲೆ ಸಿಕ್ಕಿಸಿದರು. "ಆಯಮ್ಮ, ತಲೆಗೆ? ತಂಪಾಗುತ್ತೆ" ಎಂದರು ಸಿಸ್ಟರು. ಅತ್ತೆ ಒಂದು ಪುಟ್ಟ ಟೋಪಿ ತೆಗೆದು ನೆತ್ತಿಗೆ ಹಾಕಿದರು. ಹಾಕಿ, ಅದರ ಅಂಚನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೇಲಕ್ಕೆ ಮಡಿಚಿದರು. ಎರಡೂ ಕಿವಿಗಳು ಆಚೆ ಬಂದವು.

ನನ್ನ ಕಡೆ ತಿರುಗಿ, "ಮಡಿಕೆ ಸರಿಯಾಗಿದೆಯಾ ನೋಡು" ಎಂದರು. ನಾನು ಅಳುತ್ತಾ ತಲೆಯಾಡಿಸಿದೆ. ಅವರು ಮಗುವನ್ನೆತ್ತಿಕೊಂಡು ಬಾಗಿಲು ತಳ್ಳಿ ಹೊರಗೆ ಹೋದರು.

ಆ ಬಾಗಿಲಿನ ಆಚೆ ಆಡಿದ್ದೆಲ್ಲ ಒಳಗೆ ಕೇಳಿಸುತ್ತದೆ ಎಂದು ಮೊದಲೇ ಹೇಳಿದ್ದೇನೆ. ಹೊರಗೆ ಇದ್ದವರು ದೊಡ್ಡತ್ತೆ, ಅವರ ಜೊತೆ ಬಂದ ನೆಂಟರು, ಬೆಂಚಿನ ಮೇಲೆ ಮೇಡಂ. ಅಮ್ಮ ಇನ್ನೂ ದಾರಿಯಲ್ಲಿದ್ದಳು. ನನ್ನ ಗಂಡ ವ್ಯಾನನ್ನು ಆಂಬುಲೆನ್ಸಿಗೆ ಅಡ್ಡ ನಿಲ್ಲಿಸಿ ಬಂದದ್ದಕ್ಕೆ ಕಾವಲುಗಾರನ ಹತ್ತಿರ ಬೈಸಿಕೊಳ್ಳುತ್ತಾ ಕೆಳಗಿದ್ದರಂತೆ.

"ಗಂಡೋ ಹೆಣ್ಣೋ?" ದೊಡ್ಡತ್ತೆಯ ದನಿ.

"ಹೇಳ್ತೀನಿ, ಅದಕ್ಕೇನು ಅವಸರ. ಮೊದಲು ಕೇಳಬೇಕಾದ್ದು ಅದಲ್ಲ."

"ಹಾಗಂದ್ರೆ? ತೂಕ ಕಮ್ಮಿ ಇದೆಯಾ?"

"ತೂಕ ಚೆನ್ನಾಗಿದೆ. ಅದೂ ಅಲ್ಲ."

"ಇದೇನೇ ನಿನ್ನ ಒಗಟು! ಕೊಡು ಇತ್ತ ಮಗೂನ." ಆಮೇಲೆ ದೊಡ್ಡತ್ತೆಯ ದನಿ ಇಳಿಯಿತು. "ಅಯ್ಯೋ. ಕಿವಿ..."

ನಾನು ಗೋಡೆಯ ಕಡೆ ತಿರುಗಿಕೊಳ್ಳಲಿಲ್ಲ. ಹಲ್ಲು ಕಚ್ಚಿಕೊಂಡು ಬಾಗಿಲನ್ನೇ ನೋಡಿದೆ.

"ಹೂಂ, ನೋಡು ಅಕ್ಕ. ಚೆನ್ನಾಗಿ ನೋಡು. ಆ ಕಡೇದೂ ನೋಡು, ಇನ್ನೊಂದು ಕಿವಿ ಯಾಕೆ ಬಿಡ್ತೀಯ?" ಅತ್ತೆಯ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ಅವರಮ್ಮನ ಬಣ್ಣ. ಏನೂ ಮುಚ್ಚಿಟ್ಟಿಲ್ಲ ನಾನು. ಇಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ಮುಚ್ಚಿ ಮುಚ್ಚಿ ತಂದೆ, ಇನ್ನು ಸಾಕು. ನನ್ನ ಮೊಮ್ಮಗಳನ್ನ ಹೀಗೇ ತರೋದು. ನೋಡಿ ಆಯ್ತಾ? ಈಗ ಕೇಳಬೇಕಾದ್ದು ಕೇಳಿ, ಮಗು ಕೊಡ್ತೀನಿ. ಅಲ್ಲೀವರೆಗೂ ನನ್ನ ಕೈಯಲ್ಲೇ ಇರುತ್ತೆ."

"ಅತ್ತಿತಾ?" ನೆಂಟರಲ್ಲಿ ಯಾರೋ ಅಂಜುತ್ತಾ ಕೇಳಿದರು.

"ಅತ್ತಿತು. ಅದಲ್ಲ."

"ಯಾರನ್ನ ಹೋಲುತ್ತೆ?"

"ಈಗ ತಾನೇ ಹೇಳಿದೆನಲ್ಲ. ಅದಲ್ಲ."

ಮೇಡಂ ಆಮೇಲೆ ನನಗೆ ಹೇಳಿದ್ದು: ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು, ಮಗುವನ್ನು ಎದೆಗವಚಿಕೊಂಡು ನಿಂತಿದ್ದರಂತೆ. ದೊಡ್ಡತ್ತೆ ಪರೀಕ್ಷೆಯಲ್ಲಿ ಉತ್ತರ ಹೊಳೆಯದವರ ಹಾಗೆ ಅವರಿವರ ಮುಖ ನೋಡುತ್ತಿದ್ದರಂತೆ. ಮೇಡಂಗೆ ಬಾಯ್ತುದಿಗೆ ಬಂದ ಉತ್ತರ ನುಂಗಿಕೊಳ್ಳುವುದೇ ಕಷ್ಟವಾಯಿತಂತೆ. ಹೇಳಿಸಿದ ಮಾತು ಅವರ ಸಂಶೋಧನೆಯಲ್ಲಿ ನಡೆಯುವುದಿಲ್ಲ. ಆ ದಿನದ ಮಾತುಗಳನ್ನು ಅವರು ಪುಸ್ತಕಕ್ಕೆ ಸೇರಿಸಿಕೊಳ್ಳಲೂ ಇಲ್ಲ. ಆದರೆ ಅತ್ತೆ ಕೆಲಸ ಬಿಡುವವರೆಗೂ ಪ್ರತಿ ಮನೆಯವರ ಮುಂದೆಯೂ ಹೀಗೇ ನಿಂತರು, ಅವರು ಬಿಟ್ಟ ಮೇಲೂ ಆ ವಾರ್ಡಿನ ಆಯಾಗಳು ಹೀಗೇ ನಿಲ್ಲುತ್ತಾರೆ. ಮೇಡಂ ಅದನ್ನು ಕಂಡವರಿಗೆಲ್ಲ ಹೇಳುತ್ತಾರೆ. ಅವರು ಅಡುಗೆಮನೆಯಲ್ಲಿ ಆ ಪ್ರಶ್ನೆ ಕೇಳದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅವರಿಗೂ ನಾನು ಕೈಮುಗಿಯುತ್ತೇನೆ.

ಅವತ್ತು ದೊಡ್ಡತ್ತೆಗೆ ಕೊನೆಗೆ ರೇಗಿಹೋಯಿತು.

"ಏನು ಕೇಳಬೇಕೇ ಇನ್ನು? ಮಗೂದು ಎಲ್ಲಾ ಕೇಳಿ ಆಯ್ತು. ಉಳಿದಿರೋದು ಆ ಹೆತ್ತವಳೊಬ್ಬಳು. ಸರಿ, ಅವಳು ಹೇಗಿದ್ದಾಳೆ?"

ಅತ್ತೆ ಬೆನ್ನಿನಿಂದ ಬಾಗಿಲು ತಳ್ಳಿ, ಹಾಗೆಯೇ ಒತ್ತಿ ಹಿಡಿದು ನಿಂತರು. ಬಾಗಿಲಿನ ಸಂದಿಯಲ್ಲಿ ನನಗೆ ಅವರ ಏಪ್ರನ್ನಿನ ಗಂಟು ಕಂಡಿತು, ಅವರ ತೋಳಿನ ಮೇಲೆ ಮಡಿಚಿದ ಟೋಪಿ, ಅದರ ಕೆಳಗೆ ನನ್ನ ಮಗಳ ಪುಟ್ಟ ಕಿವಿ ಕಂಡಿತು. ಉತ್ತರ ನಾನೇ ಕೊಡಲೆಂದು ಅವರು ಕಾಯುತ್ತಿದ್ದಾರೆ ಎಂದು ಗೊತ್ತಾಯಿತು.

"ಚೆನ್ನಾಗಿದ್ದೀನಿ, ದೊಡ್ಡತ್ತೆ!" ಎಂದು ಮಲಗಿದಲ್ಲಿಂದಲೇ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಕೂಗಿದೆ. "ನಾನು ಚೆನ್ನಾಗಿದ್ದೀನಿ!"

ಹೊರಗೆ ದೊಡ್ಡತ್ತೆ ಮೂಗು ಸೀಟಿಕೊಂಡದ್ದು ಕೇಳಿಸಿತು.

"ಗಂಟಲೇನೋ ಗಟ್ಟಿಯಾಗೇ ಇದೆ," ಎಂದರು. "ಮಗೂನ ಕೊಡು ಇತ್ತ. ನೀನು ಒಳಗೆ ಹೋಗಿ ಅವಳಿಗೆ ಒಂದು ಲೋಟ ಟೀ ಕೊಡೇ."